ಪಂಪಿನ ಕಟ್ಟೆಯಲ್ಲಿ ತಮ್ಮನ ಮಾತು

ಆ ಭಾಷೆಯ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಎಸ್ಪೆರಾಂತೋ ಎಂದು ಅದರ ಹೆಸರು. ಯಾವ ಊರಿನಲ್ಲೂ ಹುಟ್ಟಿದ್ದಲ್ಲ. ಎಲ್ಲೋ ದೂರದೇಶದಲ್ಲಿ ಒಬ್ಬ ಮನುಷ್ಯ ಕೂತು, ಇಲ್ಲಿಂದಷ್ಟು ಅಲ್ಲಿಂದಷ್ಟು ತೆಗೆದು ಕಟ್ಟಿದ್ದು. ಲೋಕದವರೆಲ್ಲ ಅದನ್ನು ಕಲಿತುಬಿಟ್ಟರೆ ಒಬ್ಬರ ಮಾತು ಒಬ್ಬರಿಗೆ ತಿಳಿದು ಜಗಳವೇ ಇಲ್ಲದ ಹಾಗಾಗುತ್ತದೆ ಎಂದು ಅವನ ಆಸೆಯಂತೆ. ನಮ್ಮ ಮನೆಯಲ್ಲಿ ಅದು ಹಚ್ಚಿದ ಜಗಳ ಇನ್ನೂ ಉರಿಯುತ್ತಿದೆ.

ಅದರಲ್ಲಿ ‘ಗೊತ್ತು’ ಎನ್ನಬೇಕಾದರೆ ‘ಸ್ತ್ಸಿಯಾಸ್’ ಎನ್ನಬೇಕು. ಸಕಾರ, ತಕಾರ, ಮತ್ತೆ ಸಕಾರ, ಮೂರನ್ನೂ ಒಟ್ಟಿಗೆ ಕಟ್ಟಿ ಒಂದೇ ಏಟಿಗೆ ಎಸೆಯಬೇಕು. ನಡುವೆ ಚೂರು ‘ಇ’ ನುಸುಳಿದರೂ ತಪ್ಪು. ಸ್ಕೂಲನ್ನು ಇಸ್ಕೂಲು, ಸ್ಟೂಲನ್ನು ಇಸ್ಟೂಲು ಮಾಡಿಕೊಂಡು ಬದುಕಿದ ನನ್ನಂಥವಳ ನಾಲಿಗೆಗೆ ಅದು ಒಗ್ಗುವಂಥದ್ದಲ್ಲ. ನನ್ನ ತಮ್ಮನಿಗೆ ಒಗ್ಗಿತು. ಮಾತು ಕಲಿತ ದಿನದಿಂದ ಉಗ್ಗುತ್ತಿದ್ದವನಿಗೆ ಅದೊಂದು ಒಗ್ಗಿತು. ಅವನ ಬಾಯಿಂದ ಅದನ್ನು ಕಿತ್ತವಳು ನಾನು.

ಇದನ್ನು ಬರೆಯುವ ಧೈರ್ಯ ಬಂದದ್ದು ಒಂದೇ ಕಾರಣಕ್ಕೆ. ತಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ಮದರಾಸಿನಲ್ಲಿ ತಮಿಳು, ಇಂಗ್ಲಿಷಿನಲ್ಲಿ ಓದಿದವನು. ನಾನೂ ಕಾರ್ಪೊರೇಷನ್ ಶಾಲೆಯಲ್ಲಿ ಆರನೆಯ ಕ್ಲಾಸಿನವರೆಗೆ ತಮಿಳಿನಲ್ಲೇ ಓದಿದೆ. ಶಾಲೆ ಬಿಡಿಸಿದ ಮೇಲೆ, ಪಾಪ ಅನ್ನಿಸಿತೋ ಏನೋ, ಅಪ್ಪ ಸಂಜೆ ಹೊತ್ತು ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದರು. ಊರ ಕಡೆಯಿಂದ ಬಂದವರು ಬಿಟ್ಟುಹೋಗುತ್ತಿದ್ದ ವಾರಪತ್ರಿಕೆಗಳನ್ನು ಓದಿ ಓದಿ ಇಷ್ಟು ಬರೆಯುವಷ್ಟಾಗಿದೆ. ಹಾಗಾಗಿ ಇದು ತಮ್ಮನಿಗೆ ತಿಳಿಯದ ಲಿಪಿಯಲ್ಲಿ ಕೂತು ತಪ್ಪೊಪ್ಪಿಕೊಳ್ಳುವುದು. ಇದೂ ಒಂದು ಹೇಡಿತನ. ಯಾರೂ ಹೇಳಬೇಕಾಗಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ವೆಸ್ಟ್ ಮಾಂಬಲಂನಲ್ಲಿ ನಾವು ಒಂದು ಸ್ಟೋರಿನಲ್ಲಿದ್ದೆವು. ಮದರಾಸಿನಲ್ಲಿ ಸ್ಟೋರ್ ಎಂದರೆ ಅಂಗಡಿಯಲ್ಲ, ವಠಾರ. ಉದ್ದನೆಯ ಅಂಗಳದ ಎರಡೂ ಬದಿಗೆ ಸಾಲು ಮನೆಗಳು, ಒಂದೊಂದೂ ಒಂದೂವರೆ ಕೋಣೆ. ಹಿಂದುಗಡೆ ಎಲ್ಲರಿಗೂ ಸೇರಿ ಬಚ್ಚಲು. ಅಂಗಳದ ನಡುವೆ ಸಿಮೆಂಟಿನ ಕಟ್ಟೆ, ಅದರ ಮೇಲೆ ಕೈಯಲ್ಲಿ ಹೊಡೆಯುವ ಪಂಪು. ನಾವು ಮೈಸೂರು ಕಡೆಯ ಶ್ರೀವೈಷ್ಣವರು, ಅಪ್ಪನಿಗೆ ರೈಲ್ವೆಯಲ್ಲಿ ಗುಮಾಸ್ತೆ ಕೆಲಸ. ಮಿಕ್ಕವರೆಲ್ಲ ತಮಿಳರು. ಸ್ಟೋರಿನಲ್ಲಿ ನಮಗಿದ್ದ ಹೆಸರು ‘ಕನ್ನಡಕ್ಕಾರ’. ಪೇಪರಿನಲ್ಲಿ ಕಾವೇರಿಯ ಸುದ್ದಿ ಬಂದ ದಿನ ಆ ಹೆಸರಿಗೆ ಖಾರ ಹೆಚ್ಚುತ್ತಿತ್ತು.

ಪಂಪಿನಲ್ಲಿ ನೀರು ಏರುತ್ತಿದ್ದದ್ದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಎಷ್ಟು ಹೊಡೆದರೂ ಬರೀ ಗಾಳಿ, ಕೆಮ್ಮಿದಂಥ ಸದ್ದು. ಅದಕ್ಕೆ ಎಲ್ಲರೂ ಹಿಂದಿನ ಸಂಜೆಯೇ ಕೊಡಗಳನ್ನು ಕಟ್ಟೆಯಿಂದ ಸಾಲಾಗಿ ಇಟ್ಟುಬಿಡುತ್ತಿದ್ದರು. ಹಿತ್ತಾಳೆಯದು, ಪ್ಲಾಸ್ಟಿಕ್ಕಿನದು, ಮೂತಿ ಜಜ್ಜಿದ್ದು, ಒಂದೊಂದು ಕೊಡವೂ ಒಂದೊಂದು ಮನೆ. ಯಾರ ಕೊಡ ಎಲ್ಲಿದೆಯೋ ಅದೇ ಅವರ ಸರದಿ. ಕಾನೂನು ಹಾಗೆ. ನಡೆಯುತ್ತಿದ್ದದ್ದು ಬೇರೆ. ನಾನು ಎದ್ದು ಬರುವಷ್ಟರಲ್ಲಿ ನನ್ನ ಹಸಿರು ಪ್ಲಾಸ್ಟಿಕ್ ಕೊಡ ಕಾಲು ಬಂದಂತೆ ಸಾಲಿನ ಬಾಲಕ್ಕೆ ಹೋಗಿರುತ್ತಿತ್ತು.

"ಯಾರು ಸರಿಸಿದ್ದು?" ಅಂದರೆ ಯಾರೂ ಇಲ್ಲ. ಮನೆಯೊಡತಿ ಮಾಮಿಯ ಸೊಸೆ, ದಪ್ಪ ಜಡೆಯವಳು, ಪಂಪಿನ ಹಿಡಿ ಬಿಡದೆ ಹೇಳುತ್ತಿದ್ದಳು, "ಅಲ್ಲಿ ನಿಮ್ಮವರು ಕಾವೇರಿ ತಣ್ಣಿ ಕಟ್ಟಿಹಾಕಿ ಕೂತಿದ್ದಾರೆ, ಇಲ್ಲಿ ನಿನಗೆ ಮೊದಲ ಕೊಡ ಬೇಕಾ? ಪೋಡೀ." ಎಲ್ಲರೂ ನಗುತ್ತಿದ್ದರು. ತಮಿಳು ನನಗೆ ಅವರಷ್ಟೇ ಬರುತ್ತಿತ್ತು, ಎದುರು ಮಾತಾಡುವ ಬಾಯಿಯೂ ಇತ್ತು. ಆದರೆ ಆರು ಬಾಯಿಗೆ ಒಂದು ಬಾಯಿ ಏನು ಮಾಡೀತು.

ನನ್ನ ಬಾಯಿಗೆ ಬೇರೆ ಕೆಲಸವಿತ್ತು. ಅದು ತಮ್ಮನಿಗೂ ಸೇರಿದ ಬಾಯಿ. ಅವನಿಗೆ ಕ, ಪ, ತ ಯಾವುದರಿಂದ ಶುರುವಾದರೂ ಮಾತು ಗಂಟಲಲ್ಲೇ ಕಚ್ಚಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿ, ಗದ್ದ ಎತ್ತಿ, ಕತ್ತಿನ ನರ ಉಬ್ಬಿ, ಎದುರಿಗಿದ್ದವರಿಗೇ ಉಸಿರು ಕಟ್ಟುತ್ತಿತ್ತು. ಹೆಸರಂತೂ, ತನ್ನದಾಗಲಿ ಮನೆಯವರದಾಗಲಿ, ಬಾಯಿಗೆ ಬರುತ್ತಲೇ ಇರಲಿಲ್ಲ. ಚಿಕ್ಕಂದಿನಿಂದ ಅವನ ಕೈ ಹಿಡಿದುಕೊಂಡು ಹೋಗಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಹತ್ತಿರ, ಅವನು ಬಾಯಿ ತೆರೆದದ್ದೇ ಮಿಕ್ಕದ್ದನ್ನು ನಾನು ಹೇಳಿಬಿಡುತ್ತಿದ್ದೆ. ಅಮ್ಮನಿಗೆ ಉಬ್ಬಸ ಹೆಚ್ಚಾಗಿ ಮನೆಗೆಲಸಕ್ಕೆ ಯಾರಾದರೂ ಬೇಕಾದಾಗ ಶಾಲೆ ಬಿಟ್ಟವಳು ನಾನು. ಅವನು ಕಾಲೇಜು ಸೇರಿದ. ಮಾತು ಬರುವವಳು ಮನೆಯಲ್ಲಿ, ಬಾರದವನು ಕಾಲೇಜಿನಲ್ಲಿ. ಇದನ್ನು ನಾನು ಒಂದು ದಿನವೂ ಮರೆತಿರಲಿಲ್ಲ, ಪಾತ್ರೆ ತಿಕ್ಕುವಾಗ ಅವನಿಗೆ ಕೇಳುವ ಹಾಗೆ ತಿಕ್ಕುತ್ತಿದ್ದೆ.

ಅಮ್ಮ ತನಗೆ ಗೊತ್ತಿದ್ದ ಮದ್ದನ್ನೆಲ್ಲ ಮಾಡಿದ್ದಳು. ಅದರಲ್ಲಿ ಮುಖ್ಯವಾದದ್ದು ಬಜೆ. ಎಳೆಮಕ್ಕಳಿಗೆ ಮಾತು ಚೆನ್ನಾಗಿ ಬರಲಿ ಎಂದು ಬಜೆ ತೇಯ್ದು ನಾಲಿಗೆಗೆ ಸವರುತ್ತಾರಲ್ಲ, ಅದನ್ನು ಅಮ್ಮ ಅವನಿಗೆ ಮೀಸೆ ಬಂದ ಮೇಲೂ ನಿಲ್ಲಿಸಿರಲಿಲ್ಲ. ಜೇನುತುಪ್ಪದಲ್ಲಿ ಕಲಸಿ, "ನಾಲಿಗೆ ಚಾಚು ಮಗೂ" ಎಂದು ಕರೆಯುತ್ತಿದ್ದಳು. ಅವನು ಚಾಚುತ್ತಿದ್ದ. ಆ ಕಹಿ ಮುಖ ನೋಡಿ ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಭಾನುವಾರ ಅವನು ಹೊರಗೆ ಹೋಗಿ ಬಂದವನೇ ಹೊಸಿಲ ಮೇಲೆ ನಿಂತು ಏನೋ ಅಂದ. ಉದ್ದದ ಒಂದು ವಾಕ್ಯ. ಎಲ್ಲೂ ನಿಲ್ಲಲಿಲ್ಲ, ಕಣ್ಣು ಮುಚ್ಚಲಿಲ್ಲ, ಗದ್ದ ಎತ್ತಲಿಲ್ಲ. ಅಕ್ಕಿ ಆರಿಸುತ್ತಿದ್ದ ಅಮ್ಮನ ಕೈ ಮೊರದಲ್ಲೇ ನಿಂತಿತು.

"ಏನಂದೆಯೋ?"

"ಎಸ್ಪೆರಾಂತೋ ಅಮ್ಮಾ" ಅಂದ. ಆಮೇಲೆ ಕನ್ನಡದಲ್ಲಿ ವಿವರಿಸಹೋಗಿ ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡ. ನಾನು ಎಂದಿನಂತೆ ಮುಗಿಸಿಕೊಡಲು ಬಾಯಿ ತೆರೆದೆ. ಏನು ಮುಗಿಸುವುದೆಂದು ಗೊತ್ತಾಗಲಿಲ್ಲ. ಅವನ ಬಾಯಲ್ಲಿ ನನಗೆ ಗೊತ್ತಿಲ್ಲದ್ದು ಇದ್ದದ್ದು ಅದೇ ಮೊದಲು.

ರೈಲು ಹಳಿಯ ಪಕ್ಕದ ಬೀದಿಯಲ್ಲಿ, ನಿವೃತ್ತರಾದ ಅಂಚೆ ಇಲಾಖೆಯ ಮುದುಕರೊಬ್ಬರು ತಮ್ಮ ಮಹಡಿಯ ಮೇಲೆ ಭಾನುವಾರ ಆ ಭಾಷೆಯ ಪಾಠ ಹೇಳುತ್ತಿದ್ದರಂತೆ. ಬರುತ್ತಿದ್ದವರು ಬೆರಳೆಣಿಕೆಯವರು. ಎಲ್ಲರೂ ಹೊಸಬರು, ಎಲ್ಲರೂ ಎಡವುವವರು. ಒತ್ತಕ್ಷರ ಗುಂಪುಗೂಡಿದ ಕಡೆಯಂತೂ ಇನ್ಶೂರೆನ್ಸಿನವರು, ಬ್ಯಾಂಕಿನವರು ಎಲ್ಲರೂ ನಡುವೆ ‘ಇ’ ಸೇರಿಸಿ ಜಾರುತ್ತಿದ್ದರು. ನನ್ನ ತಮ್ಮನೊಬ್ಬ ನೇರವಾಗಿ ದಾಟಿದನಂತೆ. ಮುದುಕರು ಎರಡೆರಡು ಸಲ ಹೇಳಿಸಿ, "ಬೇರೆಯವರಿಗೆ ವ್ಯಂಜನ ಅಂದರೆ ಹೆದರಿಕೆ, ಸ್ವರದ ಹಿಂದೆ ಬಚ್ಚಿಟ್ಟುಕೊಳ್ಳುತ್ತಾರೆ. ನೀನು ಹುಟ್ಟಿದಾಗಿನಿಂದ ವ್ಯಂಜನದ ಒಳಗೇ ವಾಸ ಮಾಡಿದ್ದೀಯ. ನಿನಗೆ ಅದು ಮನೆ" ಅಂದರಂತೆ. ಇದನ್ನು ನನಗೆ ಹೇಳಿ ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆದರೂ ಪೂರ್ತಿ ತಾನೇ ಹೇಳಿದ. ನಾನು ನಡುವೆ ಬಾಯಿ ಹಾಕಿದಾಗ ಕೈ ಅಡ್ಡ ಹಿಡಿದ.

ಆಮೇಲೆ ಪ್ರತಿ ಸಂಜೆ ಅಭ್ಯಾಸ. ಮುದುಕರು ಹೇಳಿಕೊಟ್ಟ ಕ್ರಮವೆಂದರೆ ಹಿಂದಿನಿಂದ ಏರುವುದು. ಮೊದಲು ‘ಸಿ’, ಆಮೇಲೆ ‘ತ್ಸಿ’, ಆಮೇಲೆ ‘ಸ್ತ್ಸಿ’. ತುಟಿಯ ಮುಂದೆ ಅಂಗೈ ಹಿಡಿದುಕೊಳ್ಳಬೇಕು. ನಡುವೆ ಸ್ವರ ನುಸುಳಿದರೆ ಬಿಸಿಯುಸಿರು ಅಂಗೈಗೆ ತಾಕಿ ಗೊತ್ತಾಗುತ್ತದೆ. ಹಾಳೆ ಹಿಡಿದು ಎದುರಿಗೆ ಕೂರುತ್ತಿದ್ದವಳು ನಾನು. ಇಂಗ್ಲಿಷ್ ಅಕ್ಷರ, ಬರೆದ ಹಾಗೇ ಓದುವುದು, ಅಷ್ಟು ನನಗೂ ಬರುತ್ತಿತ್ತು. ಶ್ತ್ರುಂಪೋ ಎಂದರೆ ಕಾಲುಚೀಲ. ಕ್ನಾಬೋ ಎಂದರೆ ಹುಡುಗ. ಅಮ್ಮ ಒಳಗಿನಿಂದ, "ಅದೇನು ಭಾಷೆಯೋ ಕೆಮ್ಮೋ?" ಅನ್ನುತ್ತಿದ್ದಳು, ಆದರೆ ಸಂತೋಷಕ್ಕೆ ದನಿ ನಡುಗುತ್ತಿತ್ತು. ಬಜೆಗೆ ಈಗ ಗುಣ ಬಂತು ಎಂದು ಅವಳ ನಂಬಿಕೆ. ತೇಯುವುದನ್ನು ದಿನಕ್ಕೆರಡು ಸಲ ಮಾಡಿದಳು.

ನನಗೆ ಸಂತೋಷವಾಗಲಿಲ್ಲ. ಆಗಬೇಕಾಗಿತ್ತು, ಆಗಲಿಲ್ಲ. ಒಂದು ದಿನ ಸಾಮಾನಿಗೆಂದು ಇಬ್ಬರೂ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು "ಎನ್ನಮ್ಮಾ ವೇಣುಂ?" ಎಂದು ಅಭ್ಯಾಸದಂತೆ ನನ್ನನ್ನು ಕೇಳಿದ. ತಮ್ಮ ಒಂದು ಹೆಜ್ಜೆ ಮುಂದೆ ಬಂದ. ಅಂಗೈಯನ್ನು ತುಟಿಯ ಹತ್ತಿರ ತಂದು, ಯಾರಿಗೂ ಕೇಳದಂತೆ ‘ಸ್ತ್ಸ್’ ಅಂದ. ಬಾವಿಗೆ ಹಗ್ಗ ಇಳಿಬಿಟ್ಟ ಹಾಗೆ. ಅದರ ಹಿಂದೆಯೇ "ಕಡಲೆಬೇಳೆ ಅರ್ಧ ಕಿಲೋ" ಎಂದು ತಮಿಳಿನಲ್ಲಿ ಸರಾಗವಾಗಿ ಬಂತು. ಕಕಾರದಿಂದ ಶುರುವಾಗುವ ಮಾತು! ಅಂಗಡಿಯವನು ತಕ್ಕಡಿ ಬಿಟ್ಟು ಅವನ ಮುಖ ನೋಡಿದ. ದಾರಿಯಲ್ಲಿ ತಮ್ಮ ಶಿಳ್ಳೆ ಹಾಕುತ್ತ ಮುಂದೆ ಮುಂದೆ ನಡೆದ. ನಾನು ಚೀಲ ಹೊತ್ತುಕೊಂಡು ಹಿಂದೆ. ಶಾಲೆ ಬಿಡಿಸಿದರು, ಸರಿ. ಅವನ ಬಾಯಿಯಾಗಿರುವುದು ಒಂದಾದರೂ ನನಗಿತ್ತು. ಅದನ್ನೂ ಆ ಕೆಮ್ಮಿನ ಭಾಷೆ ತೆಗೆದುಕೊಂಡಿತು ಅನ್ನಿಸಿತು.

ಅವತ್ತು ಸಂಜೆ ಅವನಿಗೆ ಉತ್ಸಾಹ ಬಂದು, "ಅಕ್ಕಾ, ನೀನೂ ಹೇಳು" ಅಂದ.

"ನನಗ್ಯಾಕೋ ಅದು?"

"ಹೇಳು ಸುಮ್ನೆ. ಮಿ ನೆ ಸ್ತ್ಸಿಯಾಸ್. ನಂಗೊತ್ತಿಲ್ಲ ಅಂತ."

ನಾನು ಅಂಗೈ ಹಿಡಿದು ಹೇಳಿದೆ. ‘ಇಸಿತಿಸಿಯಾಸ್’ ಎಂದು ಬಂತು. ಮತ್ತೆ ಹೇಳಿದೆ. ಮತ್ತೆ ಹಾಗೇ. ಅವನು ನಗತೊಡಗಿದ. ಕೆಟ್ಟ ನಗುವಲ್ಲ, ಈಗ ನೆನೆದರೆ ಗೊತ್ತಾಗುತ್ತದೆ. ಹುಟ್ಟಿದಾಗಿನಿಂದ ತಾನೊಬ್ಬನೇ ಎಡವುತ್ತಿದ್ದವನು, ತನ್ನೆದುರಿಗೆ ಇನ್ನೊಬ್ಬರು ಎಡವಿದ್ದನ್ನು ಮೊದಲ ಸಲ ಕಂಡ ನಗು. "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನೂ ಪೇಪರ್ ಮರೆಯಲ್ಲಿ ನಕ್ಕರು. ನಾನು ಹಾಳೆಯನ್ನು ಅವನ ಮುಖಕ್ಕೆ ಎಸೆದು ಎದ್ದೆ. "ಓದಿದವರು ಓದಿದವರ ಹತ್ರ ಆಡ್ಕೋ. ನನ್ನ ತಂಟೆಗೆ ಬರ್ಬೇಡ" ಅಂದೆ.

ಮರುದಿನ ಬೆಳಿಗ್ಗೆ ಪಂಪಿನ ಹತ್ತಿರ ನನ್ನ ಕೊಡ ಎಂದಿನಂತೆ ಬಾಲದಲ್ಲಿತ್ತು. ಜಡೆಯ ಸೊಸೆ, "ಏನೇ, ನಿಮ್ಮ ಮನೆಯಲ್ಲಿ ಸಂಜೆಯಾದರೆ ಏನು ಸದ್ದು? ನಿನ್ನ ತಮ್ಮ ಬೆಕ್ಕು ಓಡಿಸ್ತಾನಾ?" ಅಂದಳು. ನನಗೆ ಏನಾಯಿತೋ. ಕೊಡ ಕೆಳಗಿಟ್ಟೆ. ಅಂಗೈಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಗದ್ದ ಎತ್ತಿ, ಕತ್ತಿನ ನರ ಬಿಗಿದು, ‘ಸ್...ತ್...ಸ್...ಸ್...’ ಎಂದು ಎಳೆದೆ. ಎಳೆದೂ ಎಳೆದೂ ಕೊನೆಗೆ ಸೀನಿದ ಹಾಗೆ ‘ಸಿಯಾಸ್!’ ಎಂದು ಬಿಟ್ಟೆ. ಆ ಭಾಷೆಯ ಸದ್ದನ್ನು ಅವನ ಉಗ್ಗಿನ ಜೊತೆ ಸೇರಿಸಿ ಕಟ್ಟಿದ ಆಟ ಅದು. ನಿಜವಾಗಿ ಆ ಭಾಷೆ ಆಡುವಾಗ ಅವನು ಉಗ್ಗುತ್ತಲೇ ಇರಲಿಲ್ಲ.

ಹೆಂಗಸರು ನಕ್ಕ ನಗುವಿಗೆ ಕಾಗೆಗಳು ಹಾರಿದವು. ಒಬ್ಬಳು ಕಟ್ಟೆಯ ಮೇಲೆ ಕೂತೇಬಿಟ್ಟಳು. ಜಡೆಯವಳು ಕಣ್ಣೊರೆಸಿಕೊಳ್ಳುತ್ತ ನನ್ನ ಹಸಿರು ಕೊಡವನ್ನು ಕಾಲಿನಿಂದ ತಳ್ಳಿ ಪಂಪಿನ ಬಾಯಿಯ ಕೆಳಗೆ ತಂದಳು. ತಾನೇ ಹೊಡೆದು ತುಂಬಿಸಿಕೊಟ್ಟಳು. ಆ ಸ್ಟೋರಿಗೆ ಬಂದ ಮೇಲೆ ಮೊದಲ ಸಲ ಮೊದಲ ಕೊಡ ನನ್ನದಾಯಿತು.

ಅಲ್ಲಿಗೇ ನಿಂತಿದ್ದರೆ ಸಿಟ್ಟಿಗೆ ಮಾಡಿದ್ದು ಎಂದು ಹೇಳಿಕೊಳ್ಳಬಹುದಿತ್ತು. ನಿಲ್ಲಲಿಲ್ಲ. ಮರುದಿನ, "ಇನ್ನಿಕ್ಕಿ ಎನ್ನ ಪಾಠಂ?" ಎಂದರು. ಇವತ್ತು ಯಾವ ಪಾಠ? ನಾನು ಕಾಲುಚೀಲದ ಶ್ತ್ರುಂಪೋ ಮಾಡಿದೆ. ಅದರ ಮರುದಿನ ಕ್ನಾಬೋ. ಸಂಜೆ ಅವನೆದುರು ಹಾಳೆ ಹಿಡಿದು ಕೂರುವಾಗ ನನ್ನ ಕಣ್ಣು ಅವನ ತುಟಿ, ಹುಬ್ಬು, ಬೆರಳು ಎಲ್ಲವನ್ನೂ ಆರಿಸುತ್ತಿತ್ತು. ಬೆಳಗಿನ ಆಟಕ್ಕೆ ಸರಕು. ಅಕ್ಕ ಎಷ್ಟು ಆಸಕ್ತಿಯಿಂದ ನೋಡುತ್ತಿದ್ದಾಳೆ ಎಂದು ಅವನು ಇನ್ನೂ ಚೆನ್ನಾಗಿ ಹೇಳುತ್ತಿದ್ದ. ಪಂಪಿನ ಹೆಂಗಸರು ನನ್ನನ್ನು ‘ಕನ್ನಡಕ್ಕಾರ ಪೊಣ್ಣು’, ಕನ್ನಡದ ಹುಡುಗಿ, ಅನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆಯತೊಡಗಿದರು. ಕಾವೇರಿಯ ಮಾತು ನಿಂತಿತು. ನನಗೆ ಅಷ್ಟು ಸಾಕಾಗಿತ್ತು. ಎಷ್ಟು ಅಗ್ಗಕ್ಕೆ ತಮ್ಮನನ್ನು ಕೊಟ್ಟೆ ಎಂಬುದು ಆಗ ತಿಳಿಯಲಿಲ್ಲ ಎಂದು ಬರೆದರೆ ಅದೂ ಸುಳ್ಳು. ತಿಳಿದೇ ಇತ್ತು.

ಆ ಭಾಷೆ ಆಡುವ ವಿದೇಶದವರೊಬ್ಬರು ಊರೂರು ಸುತ್ತುತ್ತ ಮದರಾಸಿಗೆ ಬರುತ್ತಾರೆಂದು ಸುದ್ದಿ ಬಂತು. ಮುದುಕರ ಮಹಡಿಯ ಮೇಲೆ ಸಣ್ಣ ಸಭೆ. ಸ್ವಾಗತದ ಮಾತು ಯಾರು ಆಡುವುದು? ಮುದುಕರು ನನ್ನ ತಮ್ಮನನ್ನು ಆರಿಸಿದರು.

ಇದು ಏನೆಂದು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗ "ಪ್ರೆಸೆಂಟ್" ಅನ್ನಲಾರದೆ ಬರೀ ಕೈ ಎತ್ತುತ್ತಿದ್ದವನು ಹತ್ತು ಜನರೆದುರು ಎದ್ದು ನಿಂತು ಮಾತಾಡುವುದು. ಅವನು ಮಾತಾಡುವಾಗ ಯಾವಾಗಲೂ ಬೇರೆ ಕಡೆ ನೋಡುತ್ತಿದ್ದ ಅಪ್ಪ, ಅವತ್ತು ಮುಖ ನೋಡಿ, "ಎಲ್ಲಿ, ಹೇಳು ನೋಡೋಣ" ಅಂದರು. ಅವನು ಪೂರ್ತಿ ಹೇಳಿದ. ಅಪ್ಪನಿಗೆ ಒಂದು ಮಾತೂ ಅರ್ಥವಾಗಲಿಲ್ಲ. "ಭೇಷ್" ಎಂದು ಎದ್ದು ಅವನ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿದರು. "ಇದೊಂದು ದಾಟಿದ್ರೆ ಹುಡುಗನಿಗೆ ಹೆದರಿಕೆ ಹೋಗತ್ತೆ ಕಣೇ. ಆಮೇಲೆ ಎಲ್ಲಿ ಬೇಕಾದ್ರೂ ಮಾತಾಡ್ತಾನೆ" ಎಂದು ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು.

"ನೀನು ಮುಂದೆ ಕೂತ್ಕೋ ಅಕ್ಕಾ" ಅಂದ ತಮ್ಮ. "ನಿನ್ನ ಮುಖ ನೋಡ್ಕೊಂಡೇ ಅಭ್ಯಾಸ ಆಗಿರೋದು."

ಮುದುಕರು ಅಕ್ಕಪಕ್ಕದವರನ್ನೂ ಕರೆತನ್ನಿ, ಜನ ಕಾಣಲಿ ಎಂದಿದ್ದರು. ಪಂಪಿನ ಹತ್ತಿರ ಆ ಸುದ್ದಿ ಹೇಳಿದವಳು ನಾನೇ. ಅಸಲಿ ಆಟ ನೋಡಲು ಬನ್ನಿ ಎಂದು ಕಣ್ಣು ಮಿಟುಕಿಸಿಯೂ ಇದ್ದೆ.

ಬಂದರು. ಮಲ್ಲಿಗೆ ಮುಡಿದು, ಸಿನಿಮಾಕ್ಕೆ ಹೊರಟವರಂತೆ ಬಂದು ಮಹಡಿಯ ಹಿಂದಿನ ಬೆಂಚಿನ ಮೇಲೆ ಸಾಲಾಗಿ ಕೂತರು. ಮೇಲೆ ಶಾಮಿಯಾನದ ಬದಲು ಹಳೆ ಸೀರೆ ಕಟ್ಟಿತ್ತು. ಅತಿಥಿ ಬಿಸಿಲಿಗೆ ಕೆಂಪಗಾದ ಎತ್ತರದ ಮನುಷ್ಯ, ಖಾದಿ ಜುಬ್ಬ ಹಾಕಿಕೊಂಡು ಬೆವರುತ್ತಿದ್ದ. ತಮ್ಮ ಎದ್ದು ನಿಂತ. ನನ್ನ ಮುಖ ನೋಡಿದ. ಶುರು ಮಾಡಿದ.

ಎಷ್ಟು ಚೆನ್ನಾಗಿ ಮಾತಾಡಿದ! ಆ ದನಿ ನಮ್ಮ ಮನೆಯಲ್ಲಿ ಎಲ್ಲಿತ್ತು ಎನ್ನುವ ಹಾಗಿತ್ತು. ಅತಿಥಿಯ ಮುಖ ಅರಳುತ್ತ ಹೋಯಿತು. ಮೂರು ನಾಲ್ಕು ವಾಕ್ಯ ಆಗಿತ್ತು. ಮುಂದಿನದು, ‘ನಿಮ್ಮ ದಾರಿ ಬಲು ದೂರದ್ದೆಂದು ನಮಗೆ ಗೊತ್ತು.’ ‘ನಿ ಸ್ತ್ಸಿಯಾಸ್’ ಎಂದು ಅದರ ಮೊದಲು. ಆ ಮಾತು ಬಂದದ್ದೇ ತಡ, ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಒಬ್ಬರಿಂದ ಒಬ್ಬರಿಗೆ ನಗು ಹತ್ತಿತು. ಜಡೆಯವಳು ತಡೆಯಲಾರದೆ ಕೂಗಿಯೇಬಿಟ್ಟಳು, "ತಂಬೀ, ಇದನ್ನ ಉಂಗ ಅಕ್ಕಾ ಇನ್ನೂ ಚೆನ್ನಾಗಿ ಮಾಡ್ತಾಳಪ್ಪಾ!"

ತಮ್ಮ ನನ್ನ ಕಡೆ ನೋಡಿದ.

ನನ್ನ ಮುಖದಲ್ಲಿ ಆಗ ನಗುವಿತ್ತು. ಬೇಕೆಂದು ನಕ್ಕದ್ದಲ್ಲ. ಆ ಹೆಂಗಸರು ನಕ್ಕರೆ ಜೊತೆಗೆ ನಗುವುದು ನನ್ನ ಮುಖಕ್ಕೆ ಅಭ್ಯಾಸವಾಗಿಬಿಟ್ಟಿತ್ತು. ಅದನ್ನು ಅಳಿಸಿಕೊಳ್ಳುವಷ್ಟರಲ್ಲಿ ಅವನು ನೋಡಿಯಾಗಿತ್ತು. ಸಂಜೆಗಳಲ್ಲಿ ನಾನು ಅವನನ್ನು ಯಾಕೆ ಅಷ್ಟು ಗಮನವಿಟ್ಟು ನೋಡುತ್ತಿದ್ದೆ ಎಂಬುದು ಅವನಿಗೆ ಅಲ್ಲಿ ನಿಂತ ಹಾಗೇ ತಿಳಿದುಹೋಯಿತು. ತಿಳಿಯುವುದನ್ನು ನಾನು ಕಂಡೆ.

ಆಮೇಲೆ ಮಾತು ಬರಲಿಲ್ಲ. ‘ಸ್’ ಎಂದು ಹಿಡಿದದ್ದು ಬಿಡಲಿಲ್ಲ. ಕಣ್ಣು ಮುಚ್ಚಿದ, ಗದ್ದ ಎತ್ತಿದ, ಕತ್ತಿನ ನರ ಉಬ್ಬಿತು. ಪಂಪಿನ ಕಟ್ಟೆಯಲ್ಲಿ ನಾನು ಆಡುತ್ತಿದ್ದ ಆಟವೇ ಎದುರಿಗೆ ನಿಂತಿತು. ಆ ಭಾಷೆಯಲ್ಲಿ ಅವನು ಎಂದೂ ಉಗ್ಗಿರಲಿಲ್ಲ, ಈಗ ಉಗ್ಗಿದ. ಮುದುಕರು ಎದ್ದು ಬಂದು ಅವನ ಹೆಗಲು ಮುಟ್ಟಿದರು. ಅತಿಥಿ ಪಾಪ ಚಪ್ಪಾಳೆ ತಟ್ಟಿದ. ಅದು ಇನ್ನೂ ಕೆಟ್ಟದಾಯಿತು. ಅಪ್ಪ ಸೂರಾಗಿ ಕಟ್ಟಿದ ಸೀರೆಯನ್ನು ನೋಡುತ್ತ ಕೂತಿದ್ದರು.

ಮನೆಗೆ ಬಂದ ಮೇಲೆ ನಾನೇ ಮೇಲೆ ಬಿದ್ದೆ. ತಪ್ಪು ಮಾಡಿದವಳಿಗೇ ಬಾಯಿ ಜೋರು. "ಏನೋ ತಮಾಷೆಗೆ ಆಡಿದ್ದು. ಅಷ್ಟಕ್ಕೇ ನಿಲ್ಲಿಸಿಬಿಡೋದಾ? ಗಂಡಸಲ್ವಾ ನೀನು?"

ಅವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅಮ್ಮನ ಕಡೆ ತಿರುಗಿ, ಬಹಳ ಹೊತ್ತು ತಡವರಿಸಿ, "ಅ...ಅವಳಿಗೆ ಹೇಳು, ನನ್ನ ಹ...ಹತ್ರ ಮಾತಾಡಬೇಡ ಅಂತ" ಅಂದ. ಅಕ್ಕ ಹೋಗಿ ಅವಳು ಬಂದಿತ್ತು.

ಇಷ್ಟೇ ಆಗಿದ್ದರೆ ಒಂದು ವರ್ಷ, ಎರಡು ವರ್ಷ, ಎಂದಾದರೂ ಕರಗುತ್ತಿತ್ತೇನೋ. ಇದರ ಮರುದಿನದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ನನ್ನ ಕೊಡ ಸಾಲಿನ ಮುಂದೆಯೇ ಇತ್ತು. ಹೆಂಗಸರಿಗೆ ಸ್ವಲ್ಪ ಪಶ್ಚಾತ್ತಾಪವೂ ಇತ್ತು, ಕುತೂಹಲವೂ ಇತ್ತು. "ಪಾವಂ, ಬಹಳ ನೊಂದುಕೊಂಡನಾ?" ಎಂದು ಒಬ್ಬಳು ಕೇಳಿದಳು. ಜಡೆಯವಳು ಸುತ್ತ ನೋಡಿ, ದನಿ ತಗ್ಗಿಸಿ, "ನಿನ್ನೆ ನಿಂತುಬಿಟ್ಟನಲ್ಲ, ಅದು ಹೇಗೆ? ಒಂದ್ಸಲ ಮಾಡೇ" ಅಂದಳು. ಪಂಪಿನ ಹಿಡಿಯ ಮೇಲೆ ಅವಳ ಕೈಯಿತ್ತು. ಹಿಡಿ ಅಲ್ಲಾಡುತ್ತಿರಲಿಲ್ಲ. ಆರೂ ಜನ ನನ್ನ ಮುಖ ನೋಡುತ್ತಿದ್ದರು.

ಮಾಡಿದೆ.

ಕಣ್ಣು ಮುಚ್ಚಿ, ಅಂಗೈ ಹಿಡಿದು, ಅವನು ಮಹಡಿಯ ಮೇಲೆ ನಿಂತ ಹಾಗೇ ನಿಂತು, ‘ಸ್...’ ಎಂದು ಎಳೆದೆ. ಈ ಸಲ ಯಾರೂ ನಗಲಿಲ್ಲ. ಕಣ್ಣು ತೆರೆದರೆ ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಮ್ಮ ಬಚ್ಚಲಿನಿಂದ ಬಂದು ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡು ನಿಂತಿದ್ದ. ಸಿಟ್ಟು ಕಾಣಲಿಲ್ಲ. ಯಾರೋ ಗೊತ್ತಿಲ್ಲದವರ ಮನೆ ಬಾಗಿಲು ತಪ್ಪಿ ತೆರೆದವನಂತೆ ನೋಡಿ, ಪಕ್ಕದಿಂದ ದಾಟಿಕೊಂಡು ಒಳಗೆ ಹೋದ. ಜಡೆಯವಳು ಪಂಪು ಹೊಡೆಯತೊಡಗಿದಳು. ನಾನು ಕೊಡ ತುಂಬಿಸಿಕೊಂಡು ಬಂದೆ. ಅದನ್ನೂ ಬಿಟ್ಟು ಬರಲಿಲ್ಲ.

ಭಾನುವಾರದ ಪಾಠ ನಿಂತಿತು. ಮುದುಕರು ಎರಡು ಸಲ ಮನೆಗೆ ಬಂದರು. ತಮ್ಮ ಹೊರಗೆ ಬರಲಿಲ್ಲ. ಕಾಲೇಜು ಮುಗಿಸಿ ಒಂದು ಕಚೇರಿಯ ಕಡತದ ಕೋಣೆ ಸೇರಿದ. ಅಲ್ಲಿ ಮಾತಿನ ಅಗತ್ಯ ಬೀಳುತ್ತಿರಲಿಲ್ಲವಂತೆ. ಬಜೆಯ ತುಂಡನ್ನು ಅಮ್ಮ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. ನನಗೆ ರಾಯಪುರಂನಲ್ಲಿ ಸಂಬಂಧ ಕೂಡಿಬಂದು ಮದುವೆಯಾಯಿತು. ಯಜಮಾನರಿಗೆ ಹಾರ್ಬರಿನಲ್ಲಿ ಕೆಲಸ. ಧಾರೆಯ ಹೊತ್ತಿನಲ್ಲಿ ತಮ್ಮ ಮಾಡಬೇಕಾದ್ದನ್ನೆಲ್ಲ ಮಾಡಿದ, ಬಂದವರಿಗೆ ಎಲೆ ಹಾಕಿದ, ನನ್ನ ಟ್ರಂಕು ಎತ್ತಿ ಟ್ಯಾಕ್ಸಿಗೆ ಇಟ್ಟ. ನನ್ನ ಜೊತೆ ಮಾತಿಲ್ಲ. ಹಬ್ಬಕ್ಕೆ ತವರಿಗೆ ಬಂದರೆ, "ಅವರಿಗೆ ಇನ್ನಷ್ಟು ಅನ್ನ ಬೇಕಾ ಕೇಳು" ಎಂದು ಅಮ್ಮನಿಗೆ ಹೇಳುತ್ತಿದ್ದ. ಅವಳು ಹೋಗಿ ಅವರು ಆಗಿದ್ದೆ.

ನಾನೂ ಕಡಿಮೆಯವಳಲ್ಲ. ಕಾಲಿಗೆ ಬೀಳಲಿಲ್ಲ. ಒಂದು ಸಲವೂ ತಪ್ಪಾಯಿತು ಅನ್ನಲಿಲ್ಲ. ಅವನಿಗಾದರೆ ನಾಲಿಗೆ ಕಟ್ಟುತ್ತಿತ್ತು, ನನಗೇನಾಗಿತ್ತು? ‘ಅಷ್ಟು ಸಣ್ಣದಕ್ಕೆ ಇಷ್ಟು ಸೊಕ್ಕು’ ಎಂದು ಯಜಮಾನರ ಮುಂದೆ ಬೈದುಕೊಂಡು ತಿರುಗಿದೆ. ನಡೆದದ್ದು ಏನೆಂದು ಅವರು ಕೇಳಿದರೆ ಮಾತ್ರ ಬೇರೆ ಮಾತು ಎತ್ತುತ್ತಿದ್ದೆ.

ಎಂಬತ್ತರ ದಶಕದ ನಡುವೆ ಅಮ್ಮ ಹೋದಳು. ಅದೇ ಸ್ಟೋರಿನ ಅದೇ ಕೋಣೆಯಲ್ಲಿ. ಕರ್ಮಾಂತರದ ಒಂದು ದಿನ ಅಂಗಳದಲ್ಲಿ, ಪಂಪಿನ ಕಟ್ಟೆಯ ಪಕ್ಕದಲ್ಲೇ ತಮ್ಮನನ್ನು ಕೂರಿಸಿದ್ದರು. ಬೆರಳಿಗೆ ದರ್ಭೆ, ಮುಂದೆ ಎಳ್ಳು, ತಂಬಿಗೆಯಲ್ಲಿ ಅದೇ ಪಂಪಿನ ನೀರು. ನಾನು ನಮ್ಮ ಮನೆಯ ಹೊಸಿಲಲ್ಲಿ ಕೂತಿದ್ದೆ. ಪುರೋಹಿತರು ಮಂತ್ರವನ್ನು ತುಂಡು ತುಂಡಾಗಿ ಹೇಳಿಕೊಡುತ್ತಿದ್ದರು, ಅವನು ತಗ್ಗಿದ ದನಿಯಲ್ಲಿ ಹೇಗೋ ಹಿಂದೆ ಹೋಗುತ್ತಿದ್ದ.

"ಈಗ ತಾಯಿಯವರ ಹೆಸರು ಹೇಳಿ ನೀರು ಬಿಡಿ" ಅಂದರು.

ಅವನು ಬಾಯಿ ತೆರೆದ. ನಿಂತುಹೋಯಿತು. ಕೈಯಲ್ಲಿ ಎಳ್ಳುನೀರು ಹಿಡಿದಿದ್ದ, ಬೆರಳ ಸಂದಿಯಿಂದ ಅದು ತೊಟ್ಟಿಕ್ಕತೊಡಗಿತು. ಪುರೋಹಿತರು ಕಾದರು. ಆಮೇಲೆ ಮೆಲ್ಲಗೆ, "ಪರವಾಯಿಲ್ಲ ಸ್ವಾಮಿ, ಮನಸ್ಸಿನಲ್ಲೇ ಹೇಳಿಕೊಳ್ಳಿ" ಅಂದರು. ತಮ್ಮ ತಲೆಯಾಡಿಸಿದ. ಆಗುವುದಿಲ್ಲ.

ಎಷ್ಟೋ ವರ್ಷದ ಅಭ್ಯಾಸ. ನನ್ನ ಬಾಯಿ ತಾನಾಗಿ ತೆರೆಯಿತು. ಅಮ್ಮನ ಹೆಸರಿನ ಮೊದಲ ಅಕ್ಷರ ನನ್ನ ತುಟಿಯವರೆಗೆ ಬಂದಿತ್ತು. ಅವನು ನನ್ನತ್ತ ನೋಡದೆಯೇ ಎಡಗೈ ಎತ್ತಿ ತಡೆದ. ಆಮೇಲೆ ಆ ಎಡಗೈಯನ್ನೇ ತುಟಿಯ ಮುಂದೆ ತಂದುಕೊಂಡ. ಅಂಗೈ ಒಳಮುಖ.

‘ಸ್ತ್ಸ್.’

ಎಲೆಯ ಮೇಲೆ ಎಲೆ ಬಿದ್ದಷ್ಟು ಸಣ್ಣ ಸದ್ದು. ಪುರೋಹಿತರಿಗೆ ಕೇಳಿಸಿರಲಾರದು. ಪಂಪಿನಾಚೆ ಕೊಡ ತೊಳೆಯುತ್ತಿದ್ದವರಿಗೂ ಕೇಳಿಸಿರಲಾರದು. ಅದರ ಹಿಂದೆಯೇ ಅಮ್ಮನ ಹೆಸರು ಪೂರ್ತಿ, ಎಲ್ಲೂ ಮುರಿಯದೆ, ಅವನ ಬಾಯಿಂದ ಬಂತು. ನೀರು ಬಿಟ್ಟ.

ಅದು ಹೋಗಿರಲಿಲ್ಲ. ಇಷ್ಟು ವರ್ಷವೂ ಅವನ ಹತ್ತಿರ ಇತ್ತು. ನನ್ನ ಕಣ್ಣಿಗೆ ಬೀಳದ ಕಡೆಯೆಲ್ಲ ಅದನ್ನು ಇಟ್ಟುಕೊಂಡೇ ಅವನು ಬದುಕಿದ್ದ. ಕಡತದ ಕೋಣೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಯಾರ ಯಾರ ಜೊತೆ ಎಷ್ಟೆಷ್ಟು ಮಾತಾಡಿದ್ದನೋ. ಮಾತಿಲ್ಲದ್ದು ನನ್ನೆದುರಿಗೆ ಮಾತ್ರ. ಒಂದು ಗಳಿಗೆ ಎದೆ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಎದ್ದು ಹೋಗಿ ಅವನ ಪಕ್ಕದಲ್ಲಿ ಕೂರಬೇಕು ಅನ್ನಿಸಿತು. ಹೊಸಿಲ ಮೇಲೆ ಕೈಯೂರಿದೆ.

ಆಗ ಅವನು ತಿರುಗಿ ನೋಡಿದ. ನಾನು ಕೇಳಿಸಿಕೊಂಡದ್ದು ಅವನಿಗೆ ಗೊತ್ತಾಯಿತು.

ಮಂತ್ರದಲ್ಲಿ ಅಮ್ಮನ ಹೆಸರು ಮತ್ತೆ ಮತ್ತೆ ಬರುವುದಿತ್ತು. ಮುಂದಿನ ಸಲ ಪುರೋಹಿತರು "ಹೆಸರು ಹೇಳಿ" ಎಂದಾಗ, ಅವನು ಹೆಗಲ ಮೇಲಿನ ಉತ್ತರೀಯದ ಅಂಚನ್ನು ಎತ್ತಿ ಬಾಯಿಗೆ ಮರೆ ಹಿಡಿದುಕೊಂಡ. ಪುರೋಹಿತರ ಕಡೆಗಲ್ಲ, ಪಂಪಿನ ಹತ್ತಿರದವರ ಕಡೆಗೂ ಅಲ್ಲ. ನಾನು ಕೂತಿದ್ದ ಬದಿಗೆ ಮಾತ್ರ.